ಯಾಕೆ ನಾನು, ಯಾಕೆ ರತ್ನ

ಸೀರೆಯ ನೆರಿಗೆಯನ್ನು ನನ್ನ ಬೆರಳಿನಿಂದ ನಾನೇ ಹಿಡಿದದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಕಾಯಿಲೆ ಬಿದ್ದು ಆರು ತಿಂಗಳು ಮುಗಿದು ಏಳನೆಯದು ನಡೆದಿತ್ತು. ಐದಾರು ನೆರಿಗೆ ಬರಬೇಕಾದಲ್ಲಿ ಮೂರು ಬಂದವು, ಒಂದರ ಅಗಲ ಇನ್ನೊಂದಕ್ಕಿಲ್ಲ. ಸೆರಗು ಭುಜದ ಮೇಲೆ ಕೂರದೆ ಜಾರುತ್ತಿತ್ತು. ಆದರೂ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ರೊಟ್ಟಿಗೆ ಹಿಟ್ಟು ನಾದುತ್ತಿದ್ದ ನನ್ನ ಅತ್ತೆ ತಲೆ ಎತ್ತಿದರು.

"ಯಾರು ಉಡಿಸಿದ್ರು?"

"ನಾನ ಉಟ್ಟೀನಿ, ಅತ್ತಿ."

ಅವರು ಹಿಟ್ಟು ಮೆತ್ತಿದ ಕೈಯನ್ನೇ ಬಾಯಿಗೆ ಒತ್ತಿಕೊಂಡರು. ಆಮೇಲೆ, "ಗೇಣು ಮ್ಯಾಲ ಉಟ್ಟೀ ನೋಡು, ಕೆಳಗ ಬಿಡು," ಅಂದರು. ಹೇಳುವಾಗ ಅವರ ಧ್ವನಿ ಒಡೆಯಿತು. ಧಾರೆಸೀರೆ ಉಟ್ಟು ಮಂಟಪಕ್ಕೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಇದನ್ನು ಬರೆಯುತ್ತಿರುವುದು ಎಲ್ಲೋ ಒಂದು ಆಸ್ಪತ್ರೆಯ ಹೊರಗೆ ಸಿಮೆಂಟಿನ ಬೆಂಚಿನ ಮೇಲೆ ಕೂತು, "ನಮ್ಮ ಮನೆಯವರಿಗೇ ಯಾಕೆ" ಎಂದು ಕೇಳಿಕೊಳ್ಳುತ್ತಿರುವವರಿಗಾಗಿ. ಆ ಪ್ರಶ್ನೆಯನ್ನು ನಾನೂ ಕೇಳಿದವಳು. ಬಾಯಿಂದಲ್ಲ, ಕಣ್ಣಿನ ರೆಪ್ಪೆಯಿಂದ.

ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ, ಗಣಿತ ಕಲಿಸುವವಳು. ಹೆಸರು ಸುಮಂಗಲಾ. ನಮ್ಮವರದು ಊರಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮನೆಯಲ್ಲಿ ಅತ್ತೆ ಗಂಗಮ್ಮ ದಿನಾ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರೂ ಮುಟ್ಟುವವರಲ್ಲ. ನಾನು ಹಾಗಲ್ಲ. ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ, "ಬಾವಿಗೆ ಬಿಟ್ಟ ಕೊಡ ಕೆಳಗೆ ಹೋಗಲಿಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಯಮ ಇದ್ದಲ್ಲಿ ದೇವರಿಗೆ ಕೆಲಸ ಇಲ್ಲ," ಎಂದು ಹೇಳುತ್ತಿದ್ದೆ. ಹೇಳಿ ಎಲ್ಲರ ಮುಖ ನೋಡುತ್ತಿದ್ದೆ. ಆಗ ನನಗೆ ಮೂವತ್ನಾಲ್ಕು. ಕಾಯಿಲೆ ಅಂದರೆ ನೆಗಡಿ ಅಂತಲೇ ತಿಳಿದ ವಯಸ್ಸು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೇ ತಿಂಗಳಲ್ಲಿ ಹಡಗಲಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಬಿಸಿಲಿಗೆ ಏನು ಕೆಟ್ಟಿತ್ತೋ, ಊಟ ಮಾಡಿದ ನಮ್ಮ ಮನೆಯವರೆಲ್ಲರಿಗೂ ಎರಡು ದಿನ ಹೊಟ್ಟೆ ಕೆಟ್ಟಿತು. ಎಲ್ಲರೂ ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು, ನಾನೂ ಸುಧಾರಿಸಿಕೊಂಡೆ. ಹತ್ತು ದಿನ ಕಳೆದು ಶಾಲೆ ಶುರುವಾಯಿತು. ಮೊದಲ ದಿನ ಬರಿಗಾಲಲ್ಲಿ ಅಂಗಳಕ್ಕಿಳಿದರೆ ಕಾಲುಚೀಲ ಹಾಕಿಕೊಂಡು ನಡೆದ ಹಾಗೆ ಅನ್ನಿಸಿತು, ನೆಲ ತಾಗುತ್ತಿಲ್ಲ. ಮರುದಿನ ಶಾಲೆಯ ಮೆಟ್ಟಿಲು ಹತ್ತುವಾಗ ತೊಡೆ ಮೇಲೇಳಲಿಲ್ಲ. ಅದರ ಮರುದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಮೂರನೇ ಸಲ ಬಗ್ಗಿದವಳು ಮೇಲೇಳಲಿಲ್ಲ.

ಊರಿನ ಡಾಕ್ಟರು ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲು ತಟ್ಟಿದರು. ಕಾಲು ಜಿಗಿಯಲಿಲ್ಲ. ಇನ್ನೊಂದನ್ನು ತಟ್ಟಿದರು. ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ನಮ್ಮವರ ಕಡೆ ತಿರುಗಿ, "ಇವತ್ತ ದಾವಣಗೇರಿಗೆ ಹೊಂಡ್ರಿ. ನಾಳೆ ಅನ್ನಬ್ಯಾಡ್ರಿ," ಅಂದರು. ನಮ್ಮ ಸಣ್ಣ ಮಗಳನ್ನು ಹಿರೇಹಡಗಲಿಯ ನನ್ನ ತವರಿಗೆ ಕಳಿಸಿ, ಅತ್ತೆಯನ್ನೂ ಕರೆದುಕೊಂಡು ಪರಿಚಯದವರ ಜೀಪಿನಲ್ಲಿ ಹೊರಟೆವು. ಹರಪನಹಳ್ಳಿಯಲ್ಲಿ ನೀರು ಕುಡಿಯಲು ನಿಲ್ಲಿಸಿದಾಗ ಲೋಟ ಹಿಡಿಯಲಾಗಲಿಲ್ಲ. ನಮ್ಮವರು ಬಾಯಿಗೆ ಹಿಡಿದರು. ನುಂಗಿದ ನೀರು ಮೂಗಿನಿಂದ ಬಂತು. ಅವರ ಮುಖ ಆಗ ಹೇಗಾಯಿತೋ, ಅದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆ ಹುಟ್ಟಿತು.

ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಕಾಯಿಲೆಯ ಹೆಸರು ಉದ್ದವಾದದ್ದು. ಎಲ್ಲರೂ ಜಿ.ಬಿ.ಎಸ್. ಅನ್ನುತ್ತಿದ್ದರು, ಅತ್ತೆ ಅದನ್ನು ಮೊಟಕು ಮಾಡಿ "ಜೀಬಿ" ಮಾಡಿದರು. ಮೈ ಕಾಯಬೇಕಾದ ಕಾವಲುಗಾರರೇ ತಪ್ಪು ತಿಳಿದು ಸ್ವಂತ ನರಗಳ ಮೇಲೆ ಬೀಳುತ್ತಾರೆ, ಅಷ್ಟೇ. ಕಾಲಿನಿಂದ ಶುರುವಾಗಿ ಮೇಲಕ್ಕೆ ಬರುತ್ತದೆ. ನನ್ನಲ್ಲಿ ಮೂರು ದಿನಕ್ಕೆ ಎದೆಗೆ ಬಂತು. ಉಸಿರಾಡಲಾಗದೆ ಹೋದಾಗ ಗಂಟಲಿಗೆ ತೂತು ಮಾಡಿ ಯಂತ್ರಕ್ಕೆ ಜೋಡಿಸಿದರು. ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ, ಕತ್ತು ಹೊರಳುವುದಿಲ್ಲ. ಆದರೆ ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ, ನೋವು ಗೊತ್ತಾಗುತ್ತದೆ. ಜನರು ನನ್ನ ಬಗ್ಗೆ ನನ್ನ ತಲೆಯ ಮೇಲೆಯೇ ಮಾತಾಡುತ್ತಿದ್ದರು. ಉಳಿದದ್ದು ಬಲಗಣ್ಣಿನ ರೆಪ್ಪೆ ಒಂದೇ, ಅದೂ ಪೂರ್ತಿ ಮುಚ್ಚುತ್ತಿರಲಿಲ್ಲ.

ಆ ರೆಪ್ಪೆಯನ್ನು ಮೊದಲು ಗಮನಿಸಿದವರು ಅತ್ತೆ. ದಿನಕ್ಕೆ ಎರಡು ಸಲ, ಒಂದೊಂದು ತಾಸು ಒಳಗೆ ಬಿಡುತ್ತಿದ್ದರು. ಎರಡನೇ ವಾರ ಒಂದು ದಿನ ಅವರು ನನ್ನ ಮುಖಕ್ಕೆ ಮುಖ ತಂದು, "ಏನರ ಹೇಳಬೇಕನ್ನಾಕ ಹತ್ತೀಯೇನು? ಹೌದಾದ್ರ ಒಮ್ಮೆ ಬಡಿ," ಅಂದರು. ಬಡಿದೆ. "ನೀರು? ಬಿಸಿಲು? ಮಗಳು?" ಯಾವುದೂ ಅಲ್ಲ. ಆಮೇಲೆ ಸಣ್ಣ ಹುಡುಗಿಯ ಹಾಗೆ ರಾಗವಾಗಿ ಶುರುಮಾಡಿದರು. "ಕ, ಚ, ಟ, ತ..."

ನನಗೆ ಮಿಂಚು ಹೊಡೆದ ಹಾಗಾಯಿತು. ತ ಎಂದಾಗ ರೆಪ್ಪೆ ಬಡಿದೆ. ಅವರು ಆ ಸಾಲಿಗೆ ಹೋದರು. "ತ, ಥ..." ಮೊದಲಿನದಕ್ಕೇ ಬಡಿದಿದ್ದೆ. ಮತ್ತೆ ಕಾಗುಣಿತ. "ತ, ತಾ, ತಿ, ತೀ, ತು..." ಬಡಿದೆ. ಹೀಗೆ ಹೀಗೆ ಎರಡನೇ ಅಕ್ಷರಕ್ಕೆ ಬರುವ ಹೊತ್ತಿಗೆ ಅವರು ಕೂಗಿಯೇ ಬಿಟ್ಟರು. "ತುರಿ! ತುರಿಕಿ! ಎಲ್ಲಿ ತುರಸ್ತೈತಿ ನನ್ನವ್ವಾ?"

ಮೂಗಿನ ಪಕ್ಕ. ಎರಡು ದಿನದಿಂದ ಅಲ್ಲಿ ತುರಿಸುತ್ತಿತ್ತು. ಅವರು ಕೆರೆದಾಗ ಸಿಕ್ಕ ಸುಖಕ್ಕೆ ಹೆಸರಿಲ್ಲ. ನಾಲ್ಕನೇ ಇಯತ್ತೆ ಬಿಟ್ಟ ಹೆಂಗಸು ಅವರು. ಓದಿದ ನಮ್ಮಲ್ಲಿ ಯಾರಿಗೂ ಹೊಳೆಯದ್ದು ಅವರಿಗೆ ಹೊಳೆಯಿತು. ಮರುದಿನದಿಂದ ಸಿಸ್ಟರುಗಳೂ "ಗಂಗಮ್ಮನ ಬಾರಾಖಡಿ" ಕಲಿತರು. ಇವತ್ತಿಗೂ ಯಾರಾದರೂ ಅತ್ತೆಯನ್ನು ಓದಿಲ್ಲದವರು ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಆ ಹೊತ್ತಿಗೆ ಪಕ್ಕದ ಮಂಚಕ್ಕೆ ರತ್ನ ಬಂದಿದ್ದಳು. ಕೂಡ್ಲಿಗಿಯ ಆಚೆಯ ಒಂದು ಹಳ್ಳಿಯವಳು, ಕೂಲಿ ಮಾಡುವವಳು, ಇಪ್ಪತ್ತೆರಡು ವಯಸ್ಸು. ಅವಳಿಗೂ ಅದೇ ಕಾಯಿಲೆ. ಆದರೆ ಅವಳದು ಸೊಂಟದಲ್ಲೇ ನಿಂತಿತ್ತು. ಉಸಿರಾಟ ಚೆನ್ನಾಗಿತ್ತು, ಮಾತೂ ಇತ್ತು. ಇವಳು ಬೇಗ ಮನೆಗೆ ಹೋಗುತ್ತಾಳೆ ಎಂದು ಎಲ್ಲರೂ ಅನ್ನುತ್ತಿದ್ದರು. ನನ್ನ ಬಗ್ಗೆ ಹಾಗೆ ಯಾರೂ ಅನ್ನುತ್ತಿರಲಿಲ್ಲ. ನಾನು ಅವಳ ಮುಖ ನೋಡಿದ್ದಿಲ್ಲ, ಕತ್ತು ಹೊರಳಬೇಕಲ್ಲ. ಧ್ವನಿ ಮಾತ್ರ ಗೊತ್ತು.

"ಟೀಚರ್, ನಿಮ್ಮ ಕಾಲು ಬಂದ್ವಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದಳು, ಕಾಲುಗಳು ಎಲ್ಲೋ ಸಂತೆಗೆ ಹೋದ ಹಾಗೆ. "ನನ್ನವಿನ್ನಾ ಬಂದಿಲ್ಲ. ಎಲ್ಲಿ ಕುಂತಾವೋ ಏನೋ."

ಅತ್ತೆ ಕ, ಚ, ಟ ಶುರುಮಾಡಿದರೆ ಅವಳು ಮಲಗಿದಲ್ಲಿಂದಲೇ ಕಿವಿಗೊಡುತ್ತಿದ್ದಳು. ಅವಳು ಐದನೇ ಇಯತ್ತೆ ಓದಿದ್ದಳು. ಒಂದೂವರೆ ಅಕ್ಷರಕ್ಕೇ ಶಬ್ದ ಹಿಡಿಯುತ್ತಿದ್ದಳು. "ಬೆನ್ನು ಅಂತಾರ ನೋಡ್ರಿ ಅಜ್ಜಿ, ಬೆನ್ನು ನೋಯ್ತೈತಿ ಅವರಿಗೆ." ಹತ್ತಕ್ಕೆ ಒಂಬತ್ತು ಸಲ ಸರಿ. ನನ್ನ ಮನಸ್ಸಿನಲ್ಲಿದ್ದದ್ದು ಕಣ್ಣಿಗೂ ಕಾಣದ ಹುಡುಗಿಯ ಬಾಯಲ್ಲಿ ಬರುವುದನ್ನು ಕೇಳಿ ನನಗೆ ನಗು ಬರುತ್ತಿತ್ತು. ನಗಲು ಮುಖ ಇರಲಿಲ್ಲ, ಅಷ್ಟೇ.

ಹೊರಗೆ ಬೆಂಚಿನ ಮೇಲೆ ಅತ್ತೆಯೂ ರತ್ನಳ ತಾಯಿ ದುರುಗವ್ವನೂ ಜೊತೆಯಾದರು. ಇದನ್ನೆಲ್ಲ ಅತ್ತೆ ಆಮೇಲೆ ಹೇಳಿದ್ದು. ಒಬ್ಬರು ಬುತ್ತಿ ಬಿಚ್ಚಿದರೆ ಇನ್ನೊಬ್ಬರು ಖಾರ ಕೊಡುವುದು. ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಲಿಂಗಪೂಜೆ ಮಾಡಿಕೊಂಡರೆ, ದುರುಗವ್ವ ಯಾರೂ ಅತ್ತ ಸುಳಿಯದಂತೆ ಕಾಯುವುದು. ಒಳಗೆ ಬಂದಾಗ ಅತ್ತೆ ನನ್ನ ಹಣೆಗೂ ರತ್ನಳ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ದುರುಗವ್ವ ಇಬ್ಬರ ಮಣಿಕಟ್ಟಿಗೂ ಅರಿಶಿನದ ದಾರ ಕಟ್ಟುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಅನ್ನಬೇಕಾದರೆ ಎಷ್ಟು ಸಲ ರೆಪ್ಪೆ ಬಡಿಯಬೇಕು!

ಒಂದು ಬೆಳಿಗ್ಗೆ ಡಾಕ್ಟರು ಬಂದಾಗ ಅತ್ತೆ ನನ್ನ ಮಾತು ಓದುತ್ತಿದ್ದರು. ಯಾ, ಕೆ. ರತ್ನ ಆಚೆಯಿಂದ, "ಯಾಕೆ ಅಂತ ಕೇಳಾಕ ಹತ್ಯಾರ ಸಾರ್. ತಮಗ ಯಾಕ ಬಂತು ಅಂತ," ಅಂದಳು.

ಡಾಕ್ಟರು ಕುರ್ಚಿ ಎಳೆದುಕೊಂಡು ನನಗೆ ಕಾಣುವ ಹಾಗೆ ಕೂತರು. "ನೋಡಿ ಟೀಚರ್, ಹೊಟ್ಟೆ ಕೆಟ್ಟಾಗ ಬಂದ ಒಂದು ಕ್ರಿಮಿಯಿಂದ ಇದು ಶುರುವಾಗಿರಬಹುದು. ಆದರೆ ಅದೇ ಊಟ ಮಾಡಿದ ಉಳಿದವರಿಗೆ ಯಾಕಿಲ್ಲ, ನಿಮಗೆ ಯಾಕೆ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಆಕಸ್ಮಿಕ. ನೀವು ಏನೂ ತಪ್ಪು ಮಾಡಿಲ್ಲ."

ಆ ಮಾತು ನನಗೆ ಅವತ್ತು ಹಿಡಿಸಲಿಲ್ಲ. ಕಾರಣ ಇಲ್ಲ ಅಂದರೆ ಹೇಗೆ? ಮಕ್ಕಳಿಗೆ ಪ್ರತಿಯೊಂದಕ್ಕೂ ಕಾರಣ ಹೇಳಿಕೊಟ್ಟವಳು ನಾನು. ನಾಣ್ಯ ತೂರಿ ಸಂಭವನೀಯತೆ ಕಲಿಸುವಾಗ, ಹೀಗೆ ಬೀಳಬಹುದು, ಹಾಗೂ ಬೀಳಬಹುದು ಎಂದು ಎಷ್ಟು ಸಲೀಸಾಗಿ ಹೇಳುತ್ತಿದ್ದೆ. ಈಗ ತೂರಿದ್ದು ನನ್ನನ್ನೇ.

ರತ್ನ ಹೋದದ್ದು ಒಂದು ಮಧ್ಯಾಹ್ನ. ಅವತ್ತು ಬೆಳಿಗ್ಗೆಯೂ ಅವಳು ನನ್ನ ಒಂದು ಶಬ್ದ ಹಿಡಿದಿದ್ದಳು. ಊಟದ ಹೊತ್ತು ಕಳೆದು ವಾರ್ಡು ಸದ್ದಿಲ್ಲದೆ ಇತ್ತು. ಅವಳ ತಲೆಯ ಹತ್ತಿರದ ಯಂತ್ರದ ಶಬ್ದ ಬದಲಾಯಿತು. ಯಾರೋ ಓಡಿ ಬಂದರು, ಇನ್ನೂ ಮೂವರು ಬಂದರು, ಪರದೆ ಎಳೆದರು. ನನಗೆ ಕತ್ತು ಹೊರಳಿಸಲಾಗದು, ಕಿವಿ ಮುಚ್ಚಿಕೊಳ್ಳಲೂ ಆಗದು. ಎಲ್ಲವನ್ನೂ ಕೇಳಿದೆ. ತುಂಬಾ ಹೊತ್ತು ಪ್ರಯತ್ನ ಮಾಡಿದರು. ಆಮೇಲೆ ಹೊರಗಿನಿಂದ ದುರುಗವ್ವನ ಕೂಗು ಬಂತು. ನನ್ನ ಕಣ್ಣೀರು ಇಳಿದು ಕಿವಿಯೊಳಗೆ ಹೋಯಿತು. ಒಬ್ಬ ಸಿಸ್ಟರ್ ಬಂದು ಒರೆಸಿದರು, ಅವರೂ ಅಳುತ್ತಿದ್ದರು.

ಸಂಜೆ ಡಾಕ್ಟರು ಬಂದು ನಿಂತರು. ಅವರ ಅಂಗಿ ಬೆವರಿಗೆ ಅಂಟಿಕೊಂಡಿತ್ತು. "ಹೃದಯಕ್ಕೆ ಹೋಗುವ ನರಗಳಿಗೂ ತಾಗಿತ್ತು. ಕೆಲವರಲ್ಲಿ ಹೀಗಾಗುತ್ತದೆ. ಯಾರಲ್ಲಿ ಅಂತ ಮೊದಲೇ ಹೇಳಲಿಕ್ಕೆ ಬರೋದಿಲ್ಲ," ಅಂದರು. ಇಷ್ಟನ್ನು ನನಗೆ ಹೇಳಲೇಬೇಕೆಂದು ಅವರಿಗೇನೂ ಇರಲಿಲ್ಲ. ಆದರೂ ಬಂದು ಹೇಳಿದರು.

ನಾನು ಉಳಿದೆ. ನಾಲ್ಕು ವಾರಕ್ಕೆ ಯಂತ್ರ ತೆಗೆದರು. ಮೊದಲ ಸಲ ಗಂಟಲಿನ ತೂತಿಗೆ ಬೆರಳು ಒತ್ತಿ ಮಾತಾಡಿಸಿದಾಗ ನನ್ನ ಬಾಯಿಂದ ಬಂದದ್ದು ಒಂದು ಹೆಸರು. "ರತ್ನ." ಅತ್ತೆ ತಲೆ ತಗ್ಗಿಸಿದರು. ಮಗಳ ಹೆಣದ ಜೊತೆ ಜೀಪು ಹತ್ತುವ ಮುಂಚೆ ದುರುಗವ್ವ ಅತ್ತೆಯ ಕೈ ಹಿಡಿದು, "ನಿನ್ನ ಸೊಸಿ ಎದ್ದು ನಡಿಲಿ ಯವ್ವಾ," ಎಂದು ಹೇಳಿ ಹೋಗಿದ್ದಳಂತೆ. ಅದನ್ನು ಅತ್ತೆ ಆಗ ನನಗೆ ಹೇಳಿದರು.

ಊರಿಗೆ ಬಂದದ್ದು ಸ್ಟ್ರೆಚರಿನ ಮೇಲೆ. ಆಮೇಲಿನದ್ದು ಕಾಯುವ ಕೆಲಸ. ಡಾಕ್ಟರು ಹೇಳಿ ಕಳಿಸಿದ್ದರು. ಸತ್ತ ನರ ಮತ್ತೆ ಬೆಳೆಯುವುದಾದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರು ಬೆಳೆಯುತ್ತದೆ, ಅವಸರ ಮಾಡಿದರೂ ಅಷ್ಟೇ, ಅತ್ತರೂ ಅಷ್ಟೇ. ನಾನು ಗಣಿತದವಳು. ನಮ್ಮವರಿಗೆ ಹೇಳಿ ಅಂಗಡಿಯಿಂದ ಟೇಪು ತರಿಸಿ, ಬೆನ್ನಿನಿಂದ ಬೆರಳ ತುದಿಯವರೆಗೆ, ಸೊಂಟದಿಂದ ಕಾಲಿನ ಹೆಬ್ಬೆರಳಿನವರೆಗೆ ಅಳೆಸಿದೆ. ಅವರು ಅಳೆದು ಅಳೆದು ಹೇಳುತ್ತಾ ಹೋದರು, ಅಂಗಡಿಯಲ್ಲಿ ಪೈಪು ಅಳೆಯುವ ಧ್ವನಿಯಲ್ಲೇ. ಕೊನೆಗೆ ಇಬ್ಬರಿಗೂ ನಗು ಬಂತು. ಕಾಯಿಲೆ ಬಂದ ಮೇಲೆ ನಾವಿಬ್ಬರೂ ಸೇರಿ ನಕ್ಕದ್ದು ಅದೇ ಮೊದಲು.

ಮೊದಲು ಭುಜ ಬಂತು. ಆಮೇಲೆ ತೊಡೆ. ಮೊಣಕೈ ಬಂದ ದಿನ ನಮ್ಮವರು ಪೇಢೆ ತಂದರು. ನನ್ನ ಕೈಯಿಂದ ಪೇಢೆ ಬಾಯಿ ಮುಟ್ಟದೆ ಗಲ್ಲಕ್ಕೆ ಮೆತ್ತಿತು, ಆದರೂ ಅದನ್ನು ನಾನೇ ಮೆತ್ತಿಕೊಂಡಿದ್ದೆ. ಎದ್ದು ಕೂತದ್ದು, ಮಂಚದ ಅಂಚು ಹಿಡಿದು ನಿಂತದ್ದು, ಬಿದ್ದದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು. ದಿನಕ್ಕೆ ಎರಡು ಹೊತ್ತು ಅತ್ತೆ ಎಣ್ಣೆ ಹಚ್ಚಿ, ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಹಾಗೆ ಒಂದೊಂದೇ ಕೀಲು ಮಡಚಿ ಬಿಡಿಸುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ, ತಮಗೆ ಜ್ವರ ಬಂದ ದಿನವೂ.

ಹಾಗೆ ಎಣ್ಣೆ ಹಚ್ಚುತ್ತಾ ಒಮ್ಮೆ ಕೇಳಿದರು. "ಒಂದು ಮಿಲಿಮೀಟರು ಅಂದ್ರ ಎಷ್ಟವ್ವ?"

"ಸಾಸಿವಿ ಕಾಳಿನಷ್ಟು, ಅತ್ತಿ. ಅದಕ್ಕಿಂತ ಸ್ವಲ್ಪ ಕಡಿಮೀನ."

"ಎಲ್ಲರಿಗೂ ಅಷ್ಟನಾ?"

"ಎಲ್ಲರಿಗೂ."

"ಬಡವರಿಗೆ? ಸಾವುಕಾರರಿಗೆ?"

"ಅಷ್ಟ."

"ಪೂಜಿ ಮಾಡೋರಿಗೆ, ಮಾಡದವರಿಗೆ?"

ನನ್ನನ್ನೇ ಕುರಿತು ಕೇಳಿದ್ದು. ನಾನು ನಕ್ಕು, "ಹೂಂ, ಅಷ್ಟ," ಅಂದೆ.

ಅವರು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು. "ಹಂಗಾದ್ರ ಇದು ದೇವರ ಕೆಲಸನ. ಮನುಷ್ಯಾರು ಕೊಡೋದಾಗಿದ್ರ ಬೇಕಾದವರಿಗೆ ಎರಡು ಕಾಳು, ಬ್ಯಾಡಾದವರಿಗೆ ಅರ್ಧ ಕಾಳು ಕೊಡ್ತಿದ್ರು."

ಸ್ಟಾಫ್ ರೂಮಿನಲ್ಲಿ ಹತ್ತು ವರ್ಷ ನಾನು ಹೇಳಿದ ಮಾತನ್ನು ಅವರು ತಿರುಗಿಸಿ ನನ್ನ ಕೈಗೇ ಕೊಟ್ಟಿದ್ದರು. ನಿಯಮ ಇದ್ದಲ್ಲಿ ದೇವರಿಗೆ ಕೆಲಸ ಇಲ್ಲ ಎಂದು ನಾನು, ಭೇದ ಮಾಡದ ನಿಯಮ ಇದೆಯಲ್ಲ, ಅದೇ ದೇವರು ಎಂದು ಅವರು. ಸುಮ್ಮನಿರಬಹುದಿತ್ತು. ಆದರೆ ನನ್ನೊಳಗೆ ಒಂದು ಮುಳ್ಳಿತ್ತು.

"ನರ ಬೆಳೆಸೋದು ದೇವರ ಕೆಲಸ ಆದ್ರ, ರತ್ನಂದು ಯಾರ ಕೆಲಸ ಅತ್ತಿ?"

ಅವರ ಕೈ ನಿಂತಿತು. ಉತ್ತರ ಹುಡುಕಲಿಲ್ಲ, ಕರ್ಮ ಅನ್ನಲಿಲ್ಲ, ಲೀಲೆ ಅನ್ನಲಿಲ್ಲ. "ಗೊತ್ತಿಲ್ಲ ನನಗ," ಅಂದರು. ಮತ್ತೆ ಎಣ್ಣೆ ಹಚ್ಚಲು ಶುರುಮಾಡಿದರು. ಗೊತ್ತಿಲ್ಲ ಎನ್ನುವುದಕ್ಕೂ ಧೈರ್ಯ ಬೇಕು. ದಾವಣಗೆರೆಯ ಆ ಡಾಕ್ಟರಿಗೆ ಅದು ಇತ್ತು, ನನ್ನ ಅತ್ತೆಗೂ ಇತ್ತು.

ಸಂಕ್ರಾಂತಿ ಕಳೆದು ಶಾಲೆಗೆ ಹೋದೆ. ಕೈಯಲ್ಲಿ ಕೋಲು. ಪಾದದ ಮುಂಭಾಗ ಇನ್ನೂ ಜೋತುಬೀಳುತ್ತಿತ್ತು, ಆದ್ದರಿಂದ ಕುದುರೆಯ ಹಾಗೆ ಮೊಣಕಾಲು ಎತ್ತಿ ಎತ್ತಿ ಇಡುತ್ತಿದ್ದೆ. ಮಕ್ಕಳು ಎರಡೂ ಕಡೆ ಸಾಲಾಗಿ ನಿಂತಿದ್ದರು. ಆ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಹತ್ತಿ ತಿರುಗಿ ನಿಂತಾಗ ಎದೆ ಎಷ್ಟು ಉಬ್ಬಿತ್ತೆಂದರೆ, ಇಷ್ಟು ಉಸಿರು ನನ್ನದೇ ಎಂದು ನಂಬಲಾಗಲಿಲ್ಲ.

ಚಿಕ್ಕದೊಂದು ಸ್ವಾಗತ ಸಭೆ ಇಟ್ಟುಕೊಂಡಿದ್ದರು. ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ಮನಸಾರೆ ಮಾತಾಡಿದರು. "ದೇವರು ಟೀಚರನ್ನು ಆರಿಸಿ ಉಳಿಸಿದಾನೆ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಉತ್ಸಾಹವೆಲ್ಲ ಒಮ್ಮೆಲೇ ಇಳಿಯಿತು. ಆರಿಸಿದ ಅಂದರೆ ಇನ್ನೊಬ್ಬಳನ್ನು ಬಿಟ್ಟ ಅಂತಾಯಿತಲ್ಲ. ಅರಿಶಿನದ ದಾರ ಇಬ್ಬರ ಕೈಯಲ್ಲೂ ಇತ್ತು, ವಿಭೂತಿ ಇಬ್ಬರ ಹಣೆಯಲ್ಲೂ ಇತ್ತು. ನನಗೆ ಮಾತಾಡಲು ಹೇಳಿದಾಗ ಎದ್ದು ನಿಂತು ಇಷ್ಟೇ ಹೇಳಿದೆ. "ನನ್ನನ್ನು ಯಾರೂ ಆರಿಸಿಲ್ಲ. ನಾನು ಉಳಿದೆ. ನನ್ನ ಜೊತೆ ಇದ್ದ ಹುಡುಗಿ ಉಳಿಯಲಿಲ್ಲ. ಅವಳ ಹೆಸರು ರತ್ನ. ನನಗೆ ಬಾಯಿ ಇಲ್ಲದಾಗ ಅವಳು ನನ್ನ ಬಾಯಾಗಿದ್ದಳು." ಹೆಡ್‌ಮಾಸ್ಟರು ಆಮೇಲೆ ಬಂದು, "ತಪ್ಪು ತಿಳಿಯಬೇಡಿ," ಅಂದರು. ತಪ್ಪು ತಿಳಿಯಲಿಲ್ಲ. ಆದರೆ ಅವತ್ತೇ ನಿಶ್ಚಯ ಮಾಡಿದೆ, ನನ್ನ ಕಾಲಮೇಲೆ ನಡೆದು ದುರುಗವ್ವನ ಮನೆಗೆ ಹೋಗಬೇಕು.

ಮಾರ್ಚಿನಲ್ಲಿ ಹೋದೆವು, ನಾನು ಮತ್ತು ಅತ್ತೆ. ಕೂಡ್ಲಿಗಿಯವರೆಗೆ ಬಸ್ಸು, ಅಲ್ಲಿಂದ ಟೆಂಪೊ. ಟೆಂಪೊ ಬಿಟ್ಟ ಕಡೆಯಿಂದ ಊರು ಅರ್ಧ ಮೈಲಿ. ಅತ್ತೆ ಕೈ ಚಾಚಿದರು, ನಾನು ಬೇಡ ಅಂದೆ. ಕೋಲು ಊರಿಕೊಂಡು ಮೂರು ಕಡೆ ನಿಂತು ಹೋಗಿ ಮುಟ್ಟಿದೆ.

ದುರುಗವ್ವ ಮನೆಯ ಮುಂದೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಮ್ಮನ್ನು ನೋಡಿದವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. "ಬಂದಾವಲ್ಲ ಟೀಚರಮ್ಮ, ಕಾಲು ಬಂದಾವಲ್ಲ," ಎಂದು ಎದ್ದು ಬಂದು ಎರಡೂ ಕೈಯಿಂದ ನನ್ನ ಮೊಣಕಾಲು ಮುಟ್ಟಿದಳು. ಮೂವರೂ ಅತ್ತೆವು.

ನೀರು ಕುಡಿದು ಕೂತ ಮೇಲೆ ಅವಳೇ ಮಾತು ತೆಗೆದಳು. "ನೀ ಓದಿದಾಕಿ ಅದೀ. ಒಂದು ಮಾತು ಕೇಳ್ತೀನಿ, ಖರೇನ ಹೇಳಬೇಕು. ರತ್ನ ಹೊಟ್ಟಿಯಾಗಿದ್ದಾಗ ಗುಡ್ಡದ ಅಮ್ಮಗ ಹೇಳಿಕೊಂಡಿದ್ದೆ, ಈ ಕೂಸು ಉಳಿದ್ರ ಕೂಸಿನ ಕರಕೊಂಡು ಮನೀಲಿಂದ ನಡಕೊಂಡು ಬರ್ತೀನಿ ಅಂತ. ಇವತ್ತು ನಾಳೆ ಅಂತ ಆಗಲಿಲ್ಲ. ಕೂಲಿ ಬಿಟ್ಟು ಹೋಗಾಕ ಆಗಲಿಲ್ಲ. ಊರಾಗ ಎಲ್ಲರೂ ಅಂತಾರ, ಹರಕಿ ಮರತಿದ್ದಕ್ಕ ಅಮ್ಮ ಒಯ್ದಳು ಅಂತ. ಹೌದೇನು? ನಾನ ಕೊಂದೆನೇನು ನನ್ನ ಮಗಳನ್ನ?"

ಎಂಟೊಂಬತ್ತು ತಿಂಗಳಿಂದ ಆ ತಾಯಿ ಅದನ್ನು ಹೊತ್ತುಕೊಂಡು ಹುಣಸೆಹಣ್ಣು ಕುಟ್ಟುತ್ತಿದ್ದಳು. ಅಲ್ಲಿ ರಾಶಿ ಬಿದ್ದಿದ್ದ ಹುಣಸೆ ಬೀಜಗಳಲ್ಲಿ ನಾಲ್ಕನ್ನು ಆರಿಸಿ, ಪಕ್ಕದ ಕಲ್ಲಿಗೆ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದೆ. ನನ್ನ ಬೆರಳಿಗೆ ಅದು ದೊಡ್ಡ ಕೆಲಸವೇ. ಅವಳಿಗೆ ಕೊಟ್ಟು, "ಚೌಕಾಬಾರ ಆಡೀಯಲ್ಲ? ಒಗಿ," ಅಂದೆ.

ಒಗೆದಳು. ಎರಡು ಬಿಳಿ ಬಿದ್ದವು. "ಅತ್ತಿ, ನೀವು ಒಗೀರಿ." ಒಂದು ಬಿಳಿ. ನಾನು ಒಗೆದೆ. ನಾಲ್ಕೂ ಬಿಳಿ.

"ದುರುಗವ್ವ, ನನಗ ನಾಲ್ಕು ಯಾಕ ಬಿದ್ವು? ನಾ ಪುಣ್ಯಾ ಮಾಡೀನೇನು? ನಿನ್ನ ಕೈಯಾಗಿದ್ದಾಗ ಇವಕ್ಕ ಹರಕಿ ವಿಚಾರ ಗೊತ್ತಿತ್ತೇನು?"

"ಬೀಜಕ್ಕ ಏನು ಗೊತ್ತಿರತೈತಿ ಯವ್ವಾ."

"ಈ ಕಾಯಿಲೆನೂ ಅಷ್ಟ. ಯಾರು ಏನು ಮಾಡ್ಯಾರ ಅಂತ ನೋಡಿ ಬರೋದಿಲ್ಲ. ನಾನು ಯಾವ ಹರಕಿನೂ ಹೊತ್ತಾಕಿ ಅಲ್ಲ, ಯಾವ ಗುಡಿಗೂ ಹೋಗಾಕಿ ಅಲ್ಲ. ತಪ್ಪಿಗೆ ಶಿಕ್ಷಾ ಅಂದ್ರ ಮೊದಲು ನಾನು ಹೋಗಬೇಕಿತ್ತು. ನಿನ್ನ ತಪ್ಪಿಲ್ಲ. ರತ್ನನ ತಪ್ಪಿಲ್ಲ. ದೊಡ್ಡ ಡಾಕ್ಟರೂ ನನಗ ಇದನ್ನ ಹೇಳ್ಯಾರ."

ಅವಳು ಬೀಜಗಳನ್ನೇ ನೋಡುತ್ತಾ ಕೂತಳು. "ಹಂಗಾದ್ರ ಅಮ್ಮ ಒಯ್ಯಲಿಲ್ಲ?"

"ಇಲ್ಲ."

"ಅಕಿ ಕೈ ಇಲ್ಲ ಇದರಾಗ?"

ಅಮ್ಮನೇ ಇಲ್ಲ ಎಂದು ಹೇಳುವುದು ಹಳೆಯ ಸುಮಂಗಲಾ ಟೀಚರಿನ ಮಾತಾಗಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಅವಳು ಕೇಳಿದ್ದು ಅದನ್ನಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. "ಇಲ್ಲ. ಅಕಿ ಕೈ ಇಲ್ಲ."

ದುರುಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ತುಂಬಾ ಹೊತ್ತು ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ಸೆರಗು ತೆಗೆದಾಗ ಅವಳ ಮುಖ ಹಗುರಾಗಿತ್ತು. "ಅವತ್ತಲಿಂದ ಅಮ್ಮನ ಕಡಿ ಮುಖಾ ಮಾಡಿಲ್ಲ ನಾನು. ನನ್ನ ಮಗಳನ್ನ ತಿಂದಾಕಿಗೆ ಯಾಕ ದೀಪ ಹಚ್ಚಲಿ ಅಂತ ಸಿಟ್ಟು. ಸಿಟ್ಟು ಮಾಡಿದ್ದಕ್ಕ ಮತ್ತ ಹೆದರಿಕಿ. ಈಗ ಹೋಗಿ ಬರಲೇನು? ದೂರ ಇಲ್ಲ, ಸಣ್ಣ ಗುಡ್ಡ. ನೀವೂ ಬರ್ರಿ."

ಅತ್ತೆ ನನ್ನ ಪಾದ ನೋಡಿದರು. ನಾನು ಕೋಲು ತೆಗೆದುಕೊಂಡೆ.

ಗುಡ್ಡಕ್ಕೆ ನಲವತ್ತೋ ಐವತ್ತೋ ಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ. ಹಾದಿಯಲ್ಲಿ ದುರುಗವ್ವ ಹೇಳಿದಳು, ಹೇಳಿಕೊಂಡ ಹಾಗೆ ರತ್ನಳನ್ನು ಕರಕೊಂಡು ಬರಲು ಆಗುವುದಿಲ್ಲ, ಅಮ್ಮನಿಗೆ ಅದು ಗೊತ್ತಾಗುತ್ತದೆ ಎಂದು. ಅರ್ಧಕ್ಕೆ ನನ್ನ ತೊಡೆ ನಡುಗಲು ಶುರುವಾಯಿತು. ಕೂತೆ, ಎದ್ದೆ. ದುರುಗವ್ವ ನನಗಾಗಿ ನಿಲ್ಲುತ್ತಿದ್ದಳು, ಆದರೆ ಕೈ ಕೊಡಲು ಬರಲಿಲ್ಲ. ನಾನು ಹತ್ತುವುದನ್ನು ನೋಡಬೇಕೆಂಬ ಆಸೆ ಅವಳಿಗೆ ಇತ್ತು ಅನ್ನಿಸುತ್ತದೆ. ಒಂದೂ ಬಿಡದೆ ಹತ್ತಿದೆ. ಮೇಲೆ ಗಾಳಿ ಇತ್ತು, ಸುತ್ತಲೂ ಬಂಡೆ, ದೂರದವರೆಗೆ ಒಣ ಹೊಲ.

ಗುಡಿ ಸಣ್ಣದು, ಮೂರು ಕಡೆ ಕಲ್ಲು, ಮೇಲೊಂದು ಚಪ್ಪಡಿ. ಅತ್ತೆ ಕೈ ಮುಗಿದರು. ನಾನು ಮುಗಿಯಲಿಲ್ಲ. ಮುಗಿಯಲೇಬಾರದೆಂಬ ಹಟವೂ ಆಗ ನನ್ನಲ್ಲಿ ಇರಲಿಲ್ಲ, ಕೋಲು ಬಿಟ್ಟು ನನ್ನ ಎರಡೂ ಕಾಲ ಮೇಲೆ ನೇರವಾಗಿ ನಿಂತಿದ್ದೆ. ನಿಯಮದ ಹಿಂದೆ ಯಾರಾದರೂ ಇದ್ದಾರೋ, ಆಕಸ್ಮಿಕದ ಹಿಂದೆ ಯಾರಾದರೂ ಇದ್ದಾರೋ, ನನಗೆ ಅವತ್ತೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ದುರುಗವ್ವ ಬತ್ತಿ ಹೊಸೆದು ದೀಪ ಹಚ್ಚಿದಳು. ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು, ಹಳೆಯ ಗೆಳತಿಯ ಹತ್ತಿರ ಕೂತ ಹಾಗೆ ಅಮ್ಮನ ಮುಂದೆ ಕೂತಳು. ಇನ್ನೊಂದು ಕೈಯಿಂದ ನನ್ನ ಕಡೆ ತೋರಿಸಿದಳು.

"ಇವರು ಟೀಚರಮ್ಮ," ಅಂದಳು ಆ ಕಲ್ಲಿಗೆ. "ಕೊಟ್ಟೂರಿಂದ ಬಂದಾರ. ನೀ ಮಾಡಿದ್ದಲ್ಲಂತ ಹೇಳ್ಯಾರ."